ಹೊದಿಕೆ ಹೊದ್ದ ಡಿಜಿಟಲ್ ಯುಗ

ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಡಿಜಿಟಲ್ ಯುಗವು ಪದಾರ್ಪಣ ಮಾಡಿ ಕೆಲವು ವರ್ಷಗಳೇ ಕಳೆದಿವೆಯಾದರೂ, ಅದರ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಯಾರೂ ತೆಗೆದಿಲ್ಲ. ಮೂಲೆಯ ಮೇಜಿನ ಮೇಲೆ ವಿರಾಜಮಾನವಾಗಿರುವ ಕಂಪ್ಯೂಟರಿಗೆ ಆಯುಧಪೂಜೆಯಂದು ತಪ್ಪದೆ ಅರಿಶಿನ ಕುಂಕುಮ ಸಲ್ಲುತ್ತದೆ. ಉಳಿದ ದಿನಗಳಲ್ಲಿ ಅದು ಮೌನವ್ರತದಲ್ಲಿರುತ್ತದೆ. ಗೋಡೆಗೆ ಡಿಜಿಟಲ್ ಗ್ರಂಥಾಲಯದ ಕ್ಯೂಆರ್ ಕೋಡ್ ಅಂಟಿಸಿ, ಮೊಬೈಲಿನಿಂದ ಸ್ಕ್ಯಾನ್ ಮಾಡಿ ಸಾವಿರಾರು ಪುಸ್ತಕಗಳನ್ನು ಓದಿರಿ ಎಂದು ಆಹ್ವಾನಿಸಲಾಗಿದೆ. ಅದರ ಮಗ್ಗುಲಲ್ಲೇ ಇರುವ ಹಳೆಯ ಫಲಕವು ವಾಚನಾಲಯದೊಳಗೆ ಮೊಬೈಲ್ ಬಳಕೆಯನ್ನು ಕಟ್ಟುನಿಟ್ಟಾಗಿ ನಿಷೇಧಿಸುತ್ತದೆ.

ಆಡಳಿತಕ್ಕೆ ತಂತ್ರಜ್ಞಾನ ಒಗ್ಗಿಲ್ಲವೆಂದು ದೂರುವವರು ಒಮ್ಮೆ ಆಸ್ತಿ ತೆರಿಗೆ ಕಟ್ಟಿ ನೋಡಬೇಕು. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಬಲದಿಂದ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನು ವಸೂಲು ಮಾಡಲಾಗುತ್ತದೆ. ನಮ್ಮ ಖಾತೆಯಿಂದ ಪಾಲಿಕೆಯ ಖಾತೆಗೆ ಆ ಹಣವು ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುತ್ತದೆ; ಪಾಲಿಕೆಯಿಂದ ಗ್ರಂಥಾಲಯ ಇಲಾಖೆಗೆ ಹೋಗುವಾಗ ಮಾತ್ರ ಅದು ಎತ್ತಿನ ಗಾಡಿ ಹತ್ತುತ್ತದೆ, ಕೋಟಿಗಟ್ಟಲೆ ಹಣ ದಾರಿಯಲ್ಲೇ ತಂಗುತ್ತದೆ. 2025ರಲ್ಲಿ ಬೆಂಗಳೂರಿನ ಒಂದು ಪಾಲಿಕೆ ಒಡೆದು ಐದಾದ ಮೇಲಂತೂ ಹಳೆಯ ಬಾಕಿಯನ್ನು ಯಾರ ಪಾಲಿಗೆ ಬರೆಯಬೇಕೆಂಬ ಸಂಶೋಧನೆಗೇ ಒಂದು ಗ್ರಂಥಾಲಯ ಬೇಕಾದೀತು.

ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಇದೇ ಬೆಂಗಳೂರಿನಲ್ಲಿ. 1962ರಲ್ಲಿ ಪ್ರಲೇಖನ (ಡಾಕ್ಯುಮೆಂಟೇಶನ್) ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದ್ದೂ ಇಲ್ಲಿಯೇ. ಓದುಗರ ಸಮಯವನ್ನು ಉಳಿಸು ಎಂಬುದು ಅವರ ನಾಲ್ಕನೆಯ ಸೂತ್ರ. ನಮ್ಮ ಪಾಲಿಕೆಗೆ ಅದರ ಕೊನೆಯ ಪದವಷ್ಟೇ ಕೇಳಿಸಿದಂತಿದೆ: ಅದು ಉಳಿಸಿಕೊಂಡಿದೆ.

ಪುಸ್ತಕಗಳೆಲ್ಲ ಮೊಬೈಲಿನಲ್ಲೇ ಸಿಗುವಾಗ ಕಟ್ಟಡವೇಕೆ, ಗ್ರಂಥಪಾಲಕರೇಕೆ ಎಂದು ಕೇಳುವ ಬುದ್ಧಿವಂತರಿಗೆ ಈ ಊರಲ್ಲಿ ಕೊರತೆಯಿಲ್ಲ. ಅಂಥವರು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಕಾದು ನಿಂತಿರುವ, ಪಿಎಸ್‌ಐ, ಕೆಎಎಸ್ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರನ್ನು ಕಂಡಿರಲಾರರು. ಒಂದೇ ಕೋಣೆಯಲ್ಲಿ ನಾಲ್ವರು ಬಾಡಿಗೆಗಿರುವ ಈ ಮಕ್ಕಳು ಪುಸ್ತಕವನ್ನು ತಾವೇ ತರುತ್ತಾರೆ. ಅವರಿಗೆ ಬೇಕಾದದ್ದು ಒಂದು ಕುರ್ಚಿ, ತಿರುಗುವ ಫ್ಯಾನು, ಬೀಗ ಹಾಕದ ಶೌಚಾಲಯ. ಇವನ್ನು ಡೌನ್‌ಲೋಡ್ ಮಾಡಿಕೊಳ್ಳುವ ಸೌಲಭ್ಯ ಇನ್ನೂ ಬಂದಿಲ್ಲ. (ವೈಫೈ ಇದ್ದರೆ ಒಳ್ಳೆಯದೇ, ಅದನ್ನು ಕೇಳಿದವರಿಗೆ ಟೆಂಡರ್ ಹಂತದಲ್ಲಿದೆ ಎಂಬ ಉತ್ತರ ಸಿಗುತ್ತದೆ.)

ಕಳೆದ ವಾರ ಧೈರ್ಯ ಮಾಡಿ, ಆ ಹೊದಿಕೆಯನ್ನು ಸರಿಸಿ ಕಂಪ್ಯೂಟರ್ ಚಾಲೂ ಮಾಡಬಹುದೇ ಎಂದು ಅಲ್ಲಿನ ಸಿಬ್ಬಂದಿಯನ್ನು ವಿನಂತಿಸಿದೆ. ಅವರು ಗಾಬರಿಯಾದರು.

"ಬೇಡಿ ಸಾರ್, ಧೂಳು ಕೂರುತ್ತದೆ. ನಾಳೆ ಮೇಲಿನವರು ಬಂದು ಕೇಳಿದರೆ ನಾನೇನು ಹೇಳಲಿ? ಬೇಕಾದರೆ ಪುಸ್ತಕ ತಗೊಳ್ಳಿ, ಅದರ ಧೂಳನ್ನು ಯಾರೂ ಕೇಳುವುದಿಲ್ಲ."