ಕುದುರೆ ಆಗಬಹುದು, ನರಿ ಆಗಬಾರದು

ಮೈಸೂರಿನ ದೊಡ್ಡ ಹೋಟೆಲೊಂದರಲ್ಲಿ ವೈನ್ ರುಚಿ ನೋಡುವ ಸಂಜೆ ನಡೆದ ಸುದ್ದಿ ನೀವೂ ಓದಿರುತ್ತೀರಿ. ಕ್ಯಾಬರ್ನೆ, ಶಾರ್ಡನೆ ಎಲ್ಲ ಹಳೇದಾಯಿತಂತೆ. ಈಗ ಯಾರೂ ಹೆಸರು ಕೇಳದ ದ್ರಾಕ್ಷಿಯೇ ಆಗಬೇಕು.

ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದ ಅಸಿರ್ಟಿಕೊ ದ್ರಾಕ್ಷಿಯನ್ನೇ ನೋಡಿ. ಅಲ್ಲಿ ಗಾಳಿ ಜೋರು. ಅದಕ್ಕೇ ಜ್ವಾಲಾಮುಖಿ ಬೂದಿಯ ನೆಲದ ಮೇಲೆ ಬಳ್ಳಿಯನ್ನು ಬುಟ್ಟಿ ಹೆಣೆದ ಹಾಗೆ ಸುತ್ತಿ, ಗೊಂಚಲನ್ನು ಒಳಗೆ ಕಾಪಾಡುತ್ತಾರೆ. ಭೇಷ್, ರೈತ ಅಂದ್ರೆ ಹಾಗಿರಬೇಕು. ನನ್ನ ತಕರಾರು ಅದರ ವರ್ಣನೆ ಬರೆಯುವವರ ಮೇಲೆ. 'ಒದ್ದೆ ಕಲ್ಲಿನ ರುಚಿ' ಅಂತಾರೆ. ಒದ್ದೆ ಕಲ್ಲನ್ನು ಇವರು ಯಾವಾಗ ನೆಕ್ಕಿದರು? ಕೆಆರ್‌ಎಸ್ ಹಿನ್ನೀರಿನ ಕಡೆ ಅಂಥವರು ಯಾರೂ ಕಂಡ ನೆನಪಿಲ್ಲ.

ಬ್ರೆಟ್ಟನೊಮೈಸಿಸ್ ಅಂತ ಒಂದು ಯೀಸ್ಟ್ ಇದೆ. ಅದು ಹತ್ತಿದರೆ ವೈನಿಗೆ ಕುದುರೆ ಲಾಯದ ವಾಸನೆ. ಜಾಸ್ತಿಯಾದರೆ ದೋಷ, ಹದವಾಗಿದ್ದರೆ ಕೆಲವರಿಗೆ ಅದೇ ಸೊಗಸು. ಮೈಸೂರಿನ ಟಾಂಗಾ ಪಕ್ಕ ನಿಂತರೆ ಆ ಸೊಗಸು ಪುಕ್ಕಟೆ. ಆದರೆ ನಮ್ಮದೇ ಬೆಂಗಳೂರು ನೀಲಿ ದ್ರಾಕ್ಷಿಯ ವೈನ್ ಕೊಟ್ಟು ನೋಡಿ. ಜಿಐ, ಅಂದ್ರೆ ಇಂಥ ಊರಿನದೇ ಅನ್ನುವ ಮಾನ್ಯತೆ ಇರುವ ಹಣ್ಣು. ಥೂ, ನರಿ ವಾಸನೆ ಅಂತ ಮೂಗು ಮುಚ್ಚುತ್ತಾರೆ.

ನನಗೆ ಹಿಡಿಸಿದ್ದು ಸವಾನ್ಯಾ. ಫ್ರಾನ್ಸಿನ ಜುರಾ ಸೀಮೆಯ ದ್ರಾಕ್ಷಿ. ಅದರ 'ಹಳದಿ ವೈನ್' ಮಾಡಲು ಕನಿಷ್ಠ 6 ವರ್ಷ 3 ತಿಂಗಳು ಕಾಯಬೇಕು. ಪೀಪಾಯಿಯಲ್ಲಿ ವೈನ್ ಇಂಗಿದರೂ ತುಂಬಿಸುವ ಹಾಗಿಲ್ಲ, ಮೇಲೆ ಯೀಸ್ಟಿನ ಕೆನೆ ಕಟ್ಟಬೇಕು. ಇಷ್ಟೆಲ್ಲ ಆದ ಮೇಲೆ ಬರುವ ಘಮ ಯಾವುದು ಗೊತ್ತಾ? ಮೆಂತ್ಯದ್ದು! ತಮಾಷೆಯಲ್ಲ. ಮೆಂತ್ಯಕ್ಕೆ ಆ ಘಮ ಕೊಡುವ ಸೊಟೊಲೋನ್ ಅನ್ನುವ ರಾಸಾಯನಿಕ ಇದರಲ್ಲೂ ಇದೆ, ಕಬ್ಬಿನ ಕಚ್ಚಾ ಸಕ್ಕರೆಯಲ್ಲೂ ಇದೆ. ಪಾಂಡವಪುರದ ಕಡೆ ಆಲೆಮನೆಯಲ್ಲಿ ಕೊಪ್ಪರಿಗೆ ಪಕ್ಕ ನಿಂತು, ಗ್ಲಾಸು ತಿರುಗಿಸುತ್ತಾ, 'ಆಹಾ, ಕಬ್ಬಿನ ಸಿಪ್ಪೆಯ ಹೊಗೆ, ಕೊನೆಯಲ್ಲಿ ತುಸು ಸುಣ್ಣ' ಅಂದು ನೋಡಿ. 'ಅಣ್ಣೋ, ಬೆಳಗ್ಗೇನೇ ಹಾಕ್ಕೊಂಡ್ ಬಂದಿದ್ದೀಯಾ?' ಅಂತ ಬೆಲ್ಲದ ಪಾಕ ತಿರುವುವವನೇ ಕೇಳುತ್ತಾನೆ.

ಹೋಟೆಲಿನಲ್ಲಿ ಹಾಗೆ ಯಾರೂ ಕೇಳುವುದಿಲ್ಲ. ಅಲ್ಲಿ ಎಲ್ಲರೂ ರಸಿಕರು. ಬಾಯಿ ಮುಕ್ಕಳಿಸಿ ಉಗಿಯಲು ಪಕ್ಕದಲ್ಲೇ ಹೊಳೆಯುವ ಬಕೆಟ್ಟು ಬೇರೆ. ಕಟ್ಟೆ ಮೇಲೆ ಕೂತು 90 ಎಂಎಲ್ ಪ್ಯಾಕೆಟ್ಟಿನ ಮೂಲೆ ಹಲ್ಲಿನಲ್ಲಿ ಕಚ್ಚಿ ಹರಿಯುವವನು ಮಾತ್ರ ಕುಡುಕ. 2007ರ ಜುಲೈನಲ್ಲಿ ಈ ರಾಜ್ಯ ಸಾರಾಯಿ ನಿಷೇಧಿಸಿತು. ಬಡವರ ಮನೆ ಹಾಳಾಗುತ್ತದೆ ಅಂತ. ನಿಜ, ಹಾಳಾಗುತ್ತಿತ್ತು. ಅದೇ ವರ್ಷ ದ್ರಾಕ್ಷಿ ವೈನ್ ನೀತಿಯೂ ಬಂತು. ಸಾರಾಯಿ ಹೋಯಿತು, ಪ್ಯಾಕೆಟ್ಟು ಬಂತು, ಮನೆ ಈಗಲೂ ಹಾಳಾಗುತ್ತಲೇ ಇದೆ. ಆ ಮನೆಗಳ ಹೆಂಗಸರ ಪಾಡಿಗೆ ಯಾರೂ ವರ್ಣನೆ ಬರೆಯುತ್ತಿಲ್ಲ. ಬರೆದು ಬರೆದು ನನಗೂ ಸಾಕಾಗಿದೆ.

ಮುಂದಿನ ಸಲ ಜಾರ್ಜಿಯಾದ ಸಪೆರವಿಯನ್ನು ತರಿಸಲಿ. ತಿರುಳೂ ಕೆಂಪಗಿರುವ ದ್ರಾಕ್ಷಿ. ಅಲ್ಲಿ ದೊಡ್ಡ ಮಣ್ಣಿನ ಹರವಿಯನ್ನು ನೆಲದಲ್ಲಿ ಹೂತು, ಅದರಲ್ಲೇ ರಸ ಹುಳಿ ಬರಿಸುತ್ತಾರೆ. ಆ ಪದ್ಧತಿಯನ್ನು 2013ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಯಾರಾದರೂ ಹಿತ್ತಲಲ್ಲಿ ಮಡಕೆ ಹೂತರೆ ಅಬಕಾರಿಯವರು ಜೀಪಿನಲ್ಲಿ ಬಂದು ಅಗೆದು, ಒಡೆದು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.