ದುಡ್ಡಿಲ್ಲದ ಶಾರ್ಟ್ ಫಿಲ್ಮಿನಲ್ಲಿ ಖರ್ಚಾಗುವುದು ಗೆಳೆಯರ ಸಮಯ

ಶಾರ್ಟ್ ಫಿಲ್ಮ್ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಯಾವ ಕ್ಯಾಮೆರಾ ತಗೊಳ್ಳೋಣ ಅಂತ. ಅದನ್ನು ಕೊನೆಗೆ ಯೋಚಿಸಿದರೂ ನಡೆಯುತ್ತದೆ. ಈಗ ಎಷ್ಟೋ ಫೋನುಗಳೇ 4ಕೆ ರೆಕಾರ್ಡ್ ಮಾಡುತ್ತವೆ. ಮೊದಲು ಯೋಚಿಸಬೇಕಾದದ್ದು ಸಂಬಳವಿಲ್ಲದೆ ಬರುವ ಆ ಐದಾರು ಜನರ ಬಗ್ಗೆ. ವಾರಕ್ಕೊಂದು ಸಿಗುವ ರಜೆಯನ್ನು ನಮ್ಮ ಕಥೆಗೆ ಕೊಡುತ್ತಾರೆ ಅವರು. ಆ ಸಮಯವನ್ನು ಜೋಪಾನವಾಗಿ ಖರ್ಚು ಮಾಡುವುದೇ ನಿರ್ದೇಶಕರ ಮೊದಲ ಕೆಲಸ ಅಂತ ನನ್ನ ಗಟ್ಟಿ ಅಭಿಪ್ರಾಯ.

ಇದು ಸ್ಕ್ರಿಪ್ಟ್ ಬರೆಯುವಾಗಲೇ ಶುರುವಾಗುತ್ತದೆ. ಸಿನಿಮಾದವರು ಬಳಸುವ ಮಾದರಿಯಲ್ಲಿ ಬರೆದರೆ ಒಂದು ಪುಟ ಸುಮಾರು ಒಂದು ನಿಮಿಷದ ಚಿತ್ರ ಅನ್ನುವುದು ಹಳೆಯ ಲೆಕ್ಕ. ಆಸ್ಕರ್ ನಿಯಮದಲ್ಲಿ ಹೆಸರುಗಳ ಪಟ್ಟಿ ಎಲ್ಲ ಸೇರಿ 40 ನಿಮಿಷದವರೆಗೂ ಶಾರ್ಟ್ ಫಿಲ್ಮೇ. ಆದರೆ ಮೊದಲ ಸಲ ಮಾಡುವವರಿಗೆ ಐದಾರು ಪುಟ ಧಾರಾಳ ಸಾಕು. ಇಬ್ಬರು ನಟರು, ಒಂದೋ ಎರಡೋ ಜಾಗ. ಮಳೆ, ಜನಜಂಗುಳಿ, ರಾತ್ರಿಯ ರಸ್ತೆ ಅಂತ ಬರೆಯುವುದು ಸುಲಭ. ಅದನ್ನು ಶೂಟ್ ಮಾಡಲು ನಿಂತಾಗ ಕಷ್ಟಪಡುವವರು ಮಾತ್ರ ಬೇರೆಯವರು.

ಶೂಟಿಂಗ್ ಕೂಡ ಕಥೆಯ ಕ್ರಮದಲ್ಲಿ ನಡೆಯಬೇಕಿಲ್ಲ. ಒಂದೇ ಕೋಣೆಯ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸಿ. ಮಧ್ಯಾಹ್ನದ ಒಂದು ದೃಶ್ಯಕ್ಕೆ ಬೇಕಾದ ನಟಿಯನ್ನು ಬೆಳಿಗ್ಗೆಯಿಂದ ಸುಮ್ನೆ ಕೂರಿಸುವುದು ತಪ್ಪು. ಯಾರು ಎಷ್ಟು ಗಂಟೆಗೆ ಬರಬೇಕು, ಯಾವ ಬಟ್ಟೆ, ಏನು ತರಬೇಕು, ಇಷ್ಟನ್ನೂ ಒಂದು ಪುಟದಲ್ಲಿ ಬರೆದು ಹಿಂದಿನ ಸಂಜೆಯೇ ಗ್ರೂಪಿಗೆ ಹಾಕಿಬಿಡಿ. ಶಾಟ್ ಲಿಸ್ಟಿನಲ್ಲಿ ಇದಿಲ್ಲದೆ ಕಥೆಯೇ ನಿಲ್ಲುವುದಿಲ್ಲ ಅನ್ನುವ ಶಾಟುಗಳಿಗೆ ಗುರುತು ಹಾಕಿ, ಅವನ್ನೇ ಮೊದಲು ತೆಗೆಯಿರಿ. ಸಂಜೆ ಆರಕ್ಕೆ ಬಿಡ್ತೀನಿ ಅಂದಿದ್ದರೆ ಆರಕ್ಕೇ ಬಿಡಿ, ಒಂದೆರಡು ಶಾಟ್ ಉಳಿದರೂ ಪರವಾಗಿಲ್ಲ.

ಈಗ ನನಗೆ ಅತಿ ಮುಖ್ಯ ಅನ್ನಿಸುವ ವಿಷಯ, ಶಬ್ದ. ಚಿತ್ರ ಸ್ವಲ್ಪ ಮಸುಕಾಗಿದ್ದರೆ ಜನ ಸಹಿಸಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಒಂದೇ ನಿಮಿಷಕ್ಕೆ ಎದ್ದು ಹೋಗುತ್ತಾರೆ. ಕ್ಯಾಮೆರಾ ದೂರದಲ್ಲಿರುತ್ತದೆ. ಅದರೊಳಗಿನ ಮೈಕಿಗೆ ನಟನ ದನಿಗಿಂತ ಗೋಡೆಗೆ ಬಡಿದು ಬಂದ ಸದ್ದೇ ಜಾಸ್ತಿ. ಮೈಕ್ ಬಾಯಿಗೆ ಹತ್ತಿರ ಬಂದಷ್ಟೂ ಈ ತೊಂದರೆ ಕಡಿಮೆ. ಅದಕ್ಕೇ ಬೂಮ್ ಬೇಕು, ಉದ್ದ ಕೋಲಿನ ತುದಿಗೆ ಮೈಕ್. ಫ್ರೇಮಿನ ಅಂಚಿಗೆ ತಾಗದಂತೆ, ತಲೆಯ ಮೇಲೆ, ಬಾಯಿಯ ಕಡೆ ತಿರುಗಿಸಿ ಹಿಡಿಯಬೇಕು. ಹಿಡಿದ ಗೆಳೆಯನ ತೋಳು ನಾಲ್ಕೈದು ನಿಮಿಷದಲ್ಲೇ ನಡುಗಲು ಶುರುವಾಗುತ್ತದೆ. ಟೇಕ್ ಮುಗಿದ ಕೂಡಲೇ ಕೋಲು ಇಳಿಸು ಅಂತ ಹೇಳಿ, ಆಮೇಲೆ ನಿಮ್ಮ ಚರ್ಚೆ ಮಾಡಿಕೊಳ್ಳಿ.

ಎರಡನೇ ಕ್ಯಾಮೆರಾಗೆ ಜನ ಇಲ್ಲದಿದ್ದರೂ ಚಿಂತೆಯಿಲ್ಲ, ಶಬ್ದಕ್ಕೆ ಅಂತಲೇ ಒಬ್ಬರು ಇರಲಿ. ಅವರ ಕಿವಿಗೆ ಹೆಡ್‌ಫೋನ್ ಇರಲೇಬೇಕು. ನಮ್ಮ ಕಿವಿ ಫ್ಯಾನಿನ ಸದ್ದನ್ನು ಮರೆತುಬಿಡುತ್ತದೆ, ಮೈಕ್ ಮರೆಯುವುದಿಲ್ಲ. ಫ್ರಿಜ್ ಆಫ್ ಮಾಡಿದರೆ ಗಾಡಿಯ ಕೀ ಅದರೊಳಗೇ ಇಡಿ. ಮನೆಗೆ ಹೊರಡುವಾಗ ಕೀ ಹುಡುಕುತ್ತೀರಿ, ಫ್ರಿಜ್ ಆನ್ ಮಾಡುವುದೂ ನೆನಪಾಗುತ್ತದೆ. ರೆಕಾರ್ಡರಿನ ಮೀಟರಿನಲ್ಲಿ ದನಿ ಏರಿದಾಗ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳಿ. ಮೀಟರಿನ ಗರಿಷ್ಠ ಮಟ್ಟವಾದ ಸೊನ್ನೆ ದಾಟಿ ಒಡೆದ ದನಿಯನ್ನು ಸಾಮಾನ್ಯವಾಗಿ ಆಮೇಲೆ ಸರಿಮಾಡಲು ಆಗುವುದಿಲ್ಲ. ಚಿತ್ರ ಕ್ಯಾಮೆರಾದಲ್ಲಿ, ದನಿ ರೆಕಾರ್ಡರಿನಲ್ಲಿ ಇರುವುದರಿಂದ ಆಮೇಲೆ ಎರಡನ್ನೂ ಹೊಂದಿಸಬೇಕು. ಅದಕ್ಕೆ ಕ್ಲಾಪ್ ಬೋರ್ಡ್ ಇಲ್ಲವೇ? ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆಯಿರಿ. ಎರಡು ಅಂಗೈ ಕೂಡಿದ ಫ್ರೇಮನ್ನೂ ಆಡಿಯೋದಲ್ಲಿ ಮೇಲೆದ್ದ ಗೆರೆಯನ್ನೂ ಎಡಿಟಿಂಗಿನಲ್ಲಿ ಜೋಡಿಸಿದರೆ ಆಯಿತು.

ಜಾಗ ಬಿಡುವ ಮುಂಚೆ ಎಲ್ಲರೂ ಇದ್ದಲ್ಲೇ ನಿಂತು, ಅರ್ಧ ನಿಮಿಷವಾದರೂ ಕೋಣೆಯ ಬರೀ ಮೌನವನ್ನು ರೆಕಾರ್ಡ್ ಮಾಡಿಕೊಳ್ಳಿ. ಪ್ರತಿ ಕೋಣೆಗೂ ಅದರದೇ ಮೌನ ಇರುತ್ತದೆ. ಮಾತುಗಳ ನಡುವೆ ಕತ್ತರಿಸಿದ ಜಾಗಕ್ಕೆ ಇದನ್ನು ತುಂಬದಿದ್ದರೆ ಅಲ್ಲಲ್ಲಿ ಗುಂಡಿ ಬಿದ್ದಂತೆ ಕೇಳಿಸುತ್ತದೆ.

ಕ್ಯಾಮೆರಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಕೆಂಡಿಗೆ 24 ಅಥವಾ 25 ಫ್ರೇಮ್, ಶಟರ್ (ಒಂದೊಂದು ಫ್ರೇಮ್ ಬೆಳಕು ಹಿಡಿಯುವ ಹೊತ್ತು) ಸೆಕೆಂಡಿನ 1/50. ನಮ್ಮಲ್ಲಿ ಕರೆಂಟು 50 ಹರ್ಟ್ಸ್ ಆಗಿರುವುದರಿಂದ ಈ ಶಟರಿಗೆ ಟ್ಯೂಬ್‌ಲೈಟ್ ಮಿಟುಕುವುದು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಫೋನಿನಲ್ಲಾದರೆ ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಮಟ್ಟ ಮತ್ತು ಬಣ್ಣದ ಛಾಯೆ, ಎರಡನ್ನೂ ತಾನಾಗಿ ಬದಲಾಗದಂತೆ ಲಾಕ್ ಮಾಡಿ.

ಕಂಟಿನ್ಯೂಟಿ ನೋಡಿಕೊಳ್ಳಲೂ ಒಬ್ಬರು ಬೇಕು. ಸಣ್ಣ ತಂಡದಲ್ಲಿ ಎಲ್ಲರೂ ಮೊದಲು ಕೈಬಿಡುವುದು ಇದನ್ನೇ. ವೈಡ್ ಶಾಟಿನಲ್ಲಿ ನಟಿ "ಸರಿ, ಹೊರಡ್ತೀನಿ" ಅನ್ನುತ್ತಾ ಎಡಗೈಯಲ್ಲಿ ಲೋಟ ಎತ್ತಿದ್ದಾರೆ, ಲೋಟದಲ್ಲಿ ಅರ್ಧ ನೀರಿದೆ. ಕ್ಲೋಸಪ್ಪಿನಲ್ಲೂ ಅದೇ ಮಾತಿಗೆ, ಅದೇ ಕೈ, ಅಷ್ಟೇ ನೀರು. ಇಲ್ಲದಿದ್ದರೆ ಎರಡೂ ಶಾಟ್ ಚೆನ್ನಾಗಿದ್ದರೂ ಒಂದಕ್ಕೊಂದು ಕೂಡುವುದಿಲ್ಲ. ಪ್ರತಿ ಶಾಟ್ ಮುಗಿದಾಗ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಮುಂದಿನ ಅರ್ಧ ಗಂಟೆಯ ವಾದ ತಪ್ಪುತ್ತದೆ.

ಇನ್ನೊಂದು ಟೇಕ್ ಕೇಳುವಾಗ ಕಾರಣವನ್ನೂ ಹೇಳಿ. ಬರೀ "ಒನ್ ಮೋರ್" ಅಂದರೆ ನಟರು ತಮ್ಮಿಂದಲೇ ಏನೋ ಕೆಟ್ಟಿತು ಅಂದುಕೊಳ್ಳುತ್ತಾರೆ. ಮುಂದಿನ ಟೇಕಿನಲ್ಲಿ ಚೆನ್ನಾಗಿ ಬರುತ್ತಿದ್ದುದನ್ನೂ ಬದಲಾಯಿಸಿಬಿಡುತ್ತಾರೆ. "ಫೋಕಸ್ ಹೋಯ್ತು, ನೀವು ಮಾಡಿದ್ದು ಸರಿಯಿತ್ತು, ಹಾಗೇ ಮಾಡಿ" ಅಂತ ಹೇಳಲು ಎಷ್ಟು ಹೊತ್ತು ಬೇಕು? ಕಿರುಚಾಡುವ ನಿರ್ದೇಶಕರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಪ್ರೀತಿಯಿಂದ ಬಂದವರ ಮೇಲೆ ದನಿ ಏರಿಸುವ ಹಕ್ಕು ಯಾರಿಗೂ ಇಲ್ಲ. ಹಾಗೆಯೇ ಒಂದು ಶಾಟಿಗೋಸ್ಕರ ಯಾರನ್ನೂ ತಾರಸಿಯ ಅಂಚಿನಲ್ಲಿ, ಓಡುವ ವಾಹನಗಳ ನಡುವೆ ನಿಲ್ಲಿಸಬೇಡಿ. ಕ್ಯಾಮೆರಾ ಇಡುವ ಜಾಗ ಬದಲಿಸಿ ಅಪಾಯವನ್ನು ತೋರಿಸಬಹುದು, ಸಿನಿಮಾ ಇರುವುದೇ ಅದಕ್ಕೆ ಅಲ್ವಾ?

ದಿನದ ಕೊನೆಗೆ ಕಾರ್ಡಿನಲ್ಲಿರುವುದನ್ನು ಎರಡು ಬೇರೆ ಡ್ರೈವಿಗೆ ಕಾಪಿ ಮಾಡಿ, ಒಂದೆರಡು ಫೈಲ್ ತೆರೆದು ನೋಡಿ, ಆಮೇಲಷ್ಟೇ ಕಾರ್ಡ್ ಫಾರ್ಮ್ಯಾಟ್ ಮಾಡಿ. ಎಲ್ಲರ ಇಡೀ ದಿನದ ದುಡಿಮೆ ಅದರಲ್ಲಿದೆ.

ಎಡಿಟಿಂಗ್ ಸಾಫ್ಟ್‌ವೇರ್ ಆಗಿ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಸಾಕು. ತಡವಾಗುತ್ತಿದ್ದರೆ ಗ್ರೂಪಿನಲ್ಲಿ ಎರಡು ಸಾಲು ಬರೆಯಿರಿ. ಟೈಟಲ್ ಕಾರ್ಡಿಗೆ ಹೆಸರು ಹಾಕುವ ಮುಂಚೆ ಪ್ರತಿಯೊಬ್ಬರಿಗೂ ತೋರಿಸಿ, ಅಕ್ಷರ ಸರಿಯಿದೆಯಾ ಕೇಳಿ. ನಟಿಸಿದವರಿಗೆ ಅವರ ದೃಶ್ಯದ ಒಳ್ಳೆಯ ಕಾಪಿಯನ್ನೂ ಕೇಳುವ ಮೊದಲೇ ಕಳಿಸಿ. ಮುಂದೆ ಎಲ್ಲಾದರೂ ಆಡಿಶನ್ನಿಗೆ ಹೋದಾಗ ಅವರಿಗೆ ಅದು ಬೇಕಾಗುತ್ತದೆ.