‘ನಮ್ಮ ಹುಡುಗರಿಗೆ ಅಲ್ಲೇನು ಕೆಲಸ?’

ಹೋದ ವಾರ ಒಂದು ನಾಮಕರಣಕ್ಕೆ ಹೋಗಿದ್ದೆ. ಊಟಕ್ಕೆ ಕೂತಾಗ ಪಕ್ಕದ ಎಲೆಯಲ್ಲಿ ನಮ್ಮ ಬೀದಿಯ ನಿವೃತ್ತ ಹವಾಲ್ದಾರರು ಇದ್ದರು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನೀಲಿ ಟೋಪಿ ಹಾಕಿಕೊಂಡು ಕಾಂಗೋದಲ್ಲಿ ಒಂದು ವರ್ಷ ಇದ್ದು ಬಂದವರು. ಎದುರು ಸಾಲಿನಲ್ಲಿದ್ದ ಒಬ್ಬರು ಕೇಳಿದರು, "ಅಲ್ಲ ಸಾರ್, ನಮ್ಮ ಗಡಿ ಬಿಟ್ಟು ಆಫ್ರಿಕಾಗೆ ಯಾಕೆ ಹೋಗ್ಬೇಕು? ಡಾಲರ್ ಸಿಗುತ್ತೆ ಅಂತಾನಾ?" ಹವಾಲ್ದಾರರು ಏನೂ ಹೇಳಲಿಲ್ಲ. ತಲೆ ತಗ್ಗಿಸಿ ಅನ್ನ ಕಲಸಿಕೊಂಡರು. ನಾನೂ ಸುಮ್ನೆ ಇದ್ದುಬಿಟ್ಟೆ. ಅಲ್ಲೇ ಹೇಳಬೇಕಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ವಿಶ್ವಸಂಸ್ಥೆ ಒಬ್ಬ ಸೈನಿಕನಿಗೆ ತಿಂಗಳಿಗೆ ಸುಮಾರು 1,400 ಡಾಲರ್ ಲೆಕ್ಕದಲ್ಲಿ ಕೊಡುತ್ತದೆ. ಆದರೆ ಅದು ಬರುವುದು ಸರ್ಕಾರಕ್ಕೆ. ಸೈನಿಕನಿಗೆ ಸಿಗುವುದು ಸರ್ಕಾರ ಕೊಡುವ ಸಂಬಳ ಮತ್ತು ಹೊರದೇಶದ ಭತ್ಯೆ. ಆ ಭತ್ಯೆಯಿಂದ ಮನೆಗೆ ತಾರಸಿ ಹಾಕಿಸಿದರೆ, ತಂಗಿ ಮದುವೆ ಮಾಡಿದರೆ ತಪ್ಪೇನು? ಇಲ್ಲಿಯವರೆಗೆ ನಮ್ಮ ದೇಶದಿಂದ 2,90,000ಕ್ಕೂ ಜಾಸ್ತಿ ಜನ ಹೀಗೆ ಹೋಗಿ ಬಂದಿದ್ದಾರೆ. ಸುಮಾರು 180 ಜನ ಜೀವಂತವಾಗಿ ವಾಪಸ್ ಬರಲಿಲ್ಲ. ಬೇರೆ ಯಾವ ದೇಶವೂ ಇಷ್ಟು ಜನರನ್ನು ಕಳೆದುಕೊಂಡಿಲ್ಲ.

ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರನ್ನೇ ನೋಡಿ. ಮಡಿಕೇರಿಗೆ ಹೋದವರೆಲ್ಲ ಅವರ ಪ್ರತಿಮೆ ನೋಡಿರುತ್ತಾರೆ. ಅವರು ಹುಟ್ಟಿದ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ. 1953ರಲ್ಲಿ ಕೊರಿಯಾ ಯುದ್ಧ ನಿಂತ ಮೇಲೆ, ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೈದಿಗಳ ವಿಚಾರ ನೋಡಿಕೊಂಡ ಆಯೋಗಕ್ಕೆ ಅವರೇ ಅಧ್ಯಕ್ಷರು. ಆ ಕೈದಿಗಳನ್ನು ಕಾಯಲು ಬಂದ ಭಾರತದ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದು ಅಂತ ದಕ್ಷಿಣ ಕೊರಿಯಾದ ಅಧ್ಯಕ್ಷರು ಹಟ ಹಿಡಿದಿದ್ದರು. ಹಾಗಾಗಿ ನಮ್ಮವರನ್ನು ಹೆಲಿಕಾಪ್ಟರಿನಲ್ಲಿ ಎರಡು ಕೊರಿಯಾಗಳ ನಡುವಿನ ಪ್ರದೇಶಕ್ಕೆ ಇಳಿಸಬೇಕಾಯಿತು. ಆಮೇಲೆ ನಮ್ಮ ಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದರು. ಆರಾಮಾಗಿ ಕಾಫಿ ತೋಟ ನೋಡಿಕೊಂಡು ಇರಬಹುದಿತ್ತು. ಆದರೆ 1964ರಲ್ಲಿ ವಿಶ್ವಸಂಸ್ಥೆ ಕರೆಯಿತು, ಸೈಪ್ರಸ್‌ಗೆ ಹೋದರು. ಗ್ರೀಕ್ ಮತ್ತು ತುರ್ಕಿ ಸೈಪ್ರಸ್ ಜನರ ನಡುವೆ ರಕ್ತ ಹರಿಯುತ್ತಿದ್ದ ಕಾಲ ಅದು. 1965ರ ಡಿಸೆಂಬರ್‌ನಲ್ಲಿ ಅಲ್ಲೇ, ಕೆಲಸದಲ್ಲಿರುವಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು. ಅಲ್ಲಿನವರು ‘ಈ ಮನುಷ್ಯನಿಗೆ ಇಲ್ಲೇನು ಕೆಲಸ’ ಅಂದುಕೊಂಡಿರಲಿಲ್ಲ ಅಲ್ವಾ?

ಹಾಗಂತ ‘ಯಾಕೆ ಕಳಿಸಬೇಕು’ ಅಂತ ಕೇಳುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಕೇಳಲೇಬೇಕು. 1987ರಲ್ಲಿ ಶ್ರೀಲಂಕಾಗೆ ಕಳಿಸಿದ್ದು ವಿಶ್ವಸಂಸ್ಥೆಯಲ್ಲ, ನಮ್ಮದೇ ಸರ್ಕಾರ. ಶಾಂತಿ ಕಾಯಲು ಅಂತ ಹೋದವರು ಅಲ್ಲಿನ ತಮಿಳು ಬಂಡುಕೋರರಾದ ಎಲ್‌ಟಿಟಿಇ ಜೊತೆ ಯುದ್ಧ ಮಾಡಬೇಕಾಯಿತು. ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. 1990ರಲ್ಲಿ ಕೊನೆಯ ತಂಡ ಮದ್ರಾಸ್ ಬಂದರಿಗೆ ಬಂದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ನಮ್ಮ ಸೇನೆ ತಮಿಳರ ಮೇಲೆಯೇ ಹೋರಾಡಿತು ಅನ್ನುವ ಅವರ ಸಿಟ್ಟಿಗೆ ಕಾರಣ ಇತ್ತು, ಒಪ್ಪುತ್ತೇನೆ. ಆದರೆ ಹಡಗಿನಿಂದ ಇಳಿದ ಸಿಪಾಯಿ ಆ ನಿರ್ಧಾರ ಮಾಡಿದವನಲ್ಲ. ಹೋಗು ಅಂದರು, ಹೋದ. ನಾಮಕರಣದ ಊಟದಲ್ಲಿ ನನಗೆ ನೆನಪಾಗಿದ್ದು ಇದೇ.

2003ರಲ್ಲಿ ಆ ಪ್ರಶ್ನೆಯನ್ನು ಸರಿಯಾದ ಹೊತ್ತಿಗೆ ಕೇಳಿದೆವು. ಇರಾಕ್‌ಗೆ ಸೈನಿಕರನ್ನು ಕಳಿಸಿ ಅಂತ ಅಮೆರಿಕ ಒತ್ತಾಯ ಮಾಡಿತು. ಸಂಸತ್ತಿನಲ್ಲಿ ಆಗಲೇ ಆ ಯುದ್ಧದ ವಿರುದ್ಧ ನಿರ್ಣಯ ಆಗಿತ್ತು. ಜನಕ್ಕೂ ಇಷ್ಟ ಇರಲಿಲ್ಲ. ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸುವುದಿಲ್ಲ ಅಂತ ವಾಜಪೇಯಿ ಸರ್ಕಾರ ಹೇಳಿಬಿಟ್ಟಿತು. ಒಬ್ಬ ಸೈನಿಕನೂ ಹೋಗಲಿಲ್ಲ. ಹೀಗಿರಬೇಕು.

ದಕ್ಷಿಣ ಸುಡಾನ್‌ನ ಅಕೋಬೊ ವಿಷಯ ಬೇರೆ. ಪ್ರಾಣ ಉಳಿಸಿಕೊಳ್ಳಲು ಜನ ಅಲ್ಲಿನ ವಿಶ್ವಸಂಸ್ಥೆಯ ಸಣ್ಣ ಶಿಬಿರದೊಳಗೆ ಓಡಿ ಬಂದಿದ್ದರು. 2013ರ ಡಿಸೆಂಬರ್ 19ರಂದು ಬಂದೂಕು ಹಿಡಿದ ದೊಡ್ಡ ಗುಂಪು ನುಗ್ಗಿತು. ನಮ್ಮ ಇಬ್ಬರು ಸೈನಿಕರು ಸತ್ತರು. ಒಳಗಿದ್ದ ಜನರೂ ಸತ್ತರು. ಬೇಲಿಯೊಳಗೆ ಬಂದವರನ್ನು ‘ನೀವು ನಮ್ಮ ದೇಶದವರಲ್ಲ’ ಅಂತ ಹೊರಗೆ ಹಾಕಲು ಆಗುತ್ತಾ? ನನ್ನ ಕೈಲಂತೂ ಆಗುತ್ತಿರಲಿಲ್ಲ.

ಇನ್ನೊಂದು ನೋವೂ ಇದೆ, ಅದನ್ನು ಮುಚ್ಚಿಡಬಾರದು. 2022ರ ಜುಲೈನಲ್ಲಿ ಕಾಂಗೋದ ಬುಟೆಂಬೊದಲ್ಲಿ ನಮ್ಮ ಬಿಎಸ್‌ಎಫ್‌ನ ಇಬ್ಬರು ಸತ್ತಿದ್ದು ವಿಶ್ವಸಂಸ್ಥೆಯ ವಿರುದ್ಧವೇ ನಡೆದ ಪ್ರತಿಭಟನೆಯಲ್ಲಿ. ‘ಇಷ್ಟು ವರ್ಷ ಇದ್ದರೂ ನಮ್ಮನ್ನು ಕೊಲ್ಲುವವರನ್ನು ಇವರು ತಡೆಯಲಿಲ್ಲ’ ಅನ್ನುವುದು ಅಲ್ಲಿನ ಜನರ ಸಿಟ್ಟು. ಆ ಸಿಟ್ಟು ನಿಜವಾದದ್ದೇ. ಕೈಕಟ್ಟಿ ಹಾಕಿ ಕಳಿಸಿದರೆ, ಅಲ್ಲಿನವರ ಸಿಟ್ಟಿಗೂ ಇಲ್ಲಿನವರ ಚುಚ್ಚುಮಾತಿಗೂ ಸಿಕ್ಕಿಕೊಳ್ಳುವುದು ಅದೇ ಹುಡುಗರು.

ಎಲ್ಲಿಗೆ, ಎಷ್ಟು ದಿನಕ್ಕೆ, ಯಾರನ್ನು ಕಾಯಲು, ಗುಂಡು ಹಾರಿಸಬೇಕಾಗಿ ಬಂದರೆ ಆದೇಶ ಏನು? ಇದನ್ನೆಲ್ಲ ಅವರು ವಿಮಾನ ಹತ್ತುವ ಮೊದಲು ನಮ್ಮ ಸಂಸದರು ಕೇಳಲಿ, ನಾವೂ ಕೇಳೋಣ. ವಾಪಸ್ ಬಂದವರನ್ನು ಊಟದ ಸಾಲಿನಲ್ಲಿ ಕೂರಿಸಿಕೊಂಡು ಕೇಳುವುದು ಬೇಡ.

ಇವತ್ತು ಸಂಜೆ ಹವಾಲ್ದಾರರ ಮನೆಗೆ ಹೋಗುತ್ತಿದ್ದೇನೆ. ಕಾಂಗೋದ ಆ ಒಂದು ವರ್ಷ ಹೇಗಿತ್ತು ಅಂತ ಇಷ್ಟು ವರ್ಷ ಪಕ್ಕದಲ್ಲೇ ಇದ್ದೂ ನಾನು ಕೇಳಿಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಹೋಗಿ ಬಂದಿದ್ದರೆ ಕಾಮೆಂಟ್‌ನಲ್ಲಿ ಬರೆಯಿರಿ. ಎಲ್ಲವನ್ನೂ ಓದುತ್ತೇನೆ.